ಮೈ ಅಳತೆಗೆ ಒಂದು ಸೀಟು



ಕ್ರೂಸರ್ ಜಾತಿಯ ಬೈಕನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ತಗ್ಗಾದ ಸೀಟು, ಸವಾರನ ಕಡೆಗೆ ಬಾಗಿದ ಅಗಲ ಹ್ಯಾಂಡಲ್, ಕಾಲನ್ನು ಮುಂದಕ್ಕೆ ಚಾಚಿ ಇಡಬೇಕಾದ ಫುಟ್‌ರೆಸ್ಟ್. ಬಜಾಜ್ ಅವೆಂಜರ್, ರಾಯಲ್ ಎನ್‌ಫೀಲ್ಡಿನ ಥಂಡರ್‌ಬರ್ಡ್, ಅದರ ಜಾಗಕ್ಕೆ 2020ರಲ್ಲಿ ಬಂದ ಮೀಟಿಯರ್ ಎಲ್ಲವೂ ಇದೇ ಪೈಕಿ. ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಸವಾರ ಜಗಲಿಯ ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಕಾಣುತ್ತಾನೆ. ಆದರೆ ಬೆಂಗಳೂರು ಬಿಟ್ಟು ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಅದೇ ಸವಾರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡಲು ಶುರುಮಾಡಿರುತ್ತಾನೆ. ಟೀ ಅಂಗಡಿ ಕಂಡಲ್ಲೆಲ್ಲ ಗಾಡಿ ನಿಲ್ಲುತ್ತದೆ. ನಿಲ್ಲಿಸಿದ್ದು ಟೀಗಾಗಿ ಅಲ್ಲ ಎಂಬುದು ಅವನು ಸೊಂಟ ಹಿಡಿದುಕೊಂಡು ಇಳಿಯುವುದನ್ನು ನೋಡಿದರೇ ಗೊತ್ತಾಗುತ್ತದೆ.

ಈ ನೋವು ಬರುವುದು ಎಲ್ಲಿಂದ? ಸಾಮಾನ್ಯ ಬೈಕಿನಲ್ಲಿ ನಮ್ಮ ಪಾದ ಹೆಚ್ಚುಕಡಿಮೆ ಸೊಂಟದ ಕೆಳಗೇ ಇರುತ್ತದೆ. ಹಂಪು ಬಂದಾಗ ಗೊತ್ತಿಲ್ಲದೆಯೇ ಫುಟ್‌ರೆಸ್ಟ್ ಒತ್ತಿ, ಸೀಟಿನಿಂದ ಒಂದಿಷ್ಟು ಏಳುತ್ತೇವೆ. ಏಟನ್ನು ತೊಡೆ ತಿನ್ನುತ್ತದೆ, ಬೆನ್ನು ಉಳಿಯುತ್ತದೆ. ಕ್ರೂಸರಿನಲ್ಲಿ ಪಾದ ಎಲ್ಲೋ ಮುಂದಿರುವುದರಿಂದ ಏಳುವ ಮಾತೇ ಇಲ್ಲ. ಮೈಭಾರವೆಲ್ಲ ಪೃಷ್ಠದ ಎರಡು ಮೂಳೆಗಳ ಮೇಲೆ. ಸ್ವಲ್ಪ ಹಿಂದಕ್ಕೆ ವಾಲಿದರೆ ಬಾಲಮೂಳೆಯ ಮೇಲೂ ಬೀಳುತ್ತದೆ. ಸೀಟು ತಗ್ಗಿರಬೇಕು ಅಂದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಆಡುವುದಕ್ಕೂ ಜಾಗ ಕಡಿಮೆ, ಸೀಟಿನೊಳಗಿನ ಫೋಮ್‌ಗೂ ಜಾಗ ಕಡಿಮೆ. ಹೀಗಾಗಿ ರಸ್ತೆಯ ಗುಂಡಿ ನೇರ ಬೆನ್ನುಮೂಳೆಯ ಬುಡವನ್ನೇ ವಿಚಾರಿಸಿಕೊಳ್ಳುತ್ತದೆ.

ಈ ಭಂಗಿ ಹುಟ್ಟಿದ್ದು ಅಮೆರಿಕದಲ್ಲಿ, ಗಂಟೆಗಟ್ಟಲೆ ನೇರಕ್ಕೆ ಹೋಗುವ ಹೆದ್ದಾರಿಗಳ ನಾಡಿನಲ್ಲಿ. ಹಾರ್ಲಿ ಡೇವಿಡ್ಸನ್ ಕಂಪನಿ ತನ್ನ ಗಾಡಿಗಳಿಗೆ ಇಟ್ಟ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಸವಾರನ ಮೈಗೆ ಸಿಕ್ಕ ಸುಖದ ಚರಿತ್ರೆಯೇ ಕಾಣುತ್ತದೆ. ಮೊದಲು ಅವುಗಳ ಹಿಂಚಕ್ರಕ್ಕೆ ಶಾಕ್ ಅಬ್ಸಾರ್ಬರೇ ಇರಲಿಲ್ಲ. ಸೀಟಿನ ಕೆಳಗೆ ಫ್ರೇಮಿನ ಕೊಳವೆಯೊಳಗೆ ಸ್ಪ್ರಿಂಗ್ ಇಟ್ಟು ಸವಾರನನ್ನು ಕಾಪಾಡುತ್ತಿದ್ದರು. 1949ರಲ್ಲಿ ಮುಂಚಕ್ರಕ್ಕೆ ಎಣ್ಣೆ ತುಂಬಿದ ಫೋರ್ಕ್ ಬಂತು, ಗಾಡಿ ಹೈಡ್ರಾ ಗ್ಲೈಡ್ ಆಯಿತು. 1958ರಲ್ಲಿ ಹಿಂದಕ್ಕೂ ಶಾಕ್ ಅಬ್ಸಾರ್ಬರ್ ಬಂತು, ಡ್ಯುಯೊ ಗ್ಲೈಡ್ ಆಯಿತು. 1965ರಲ್ಲಿ ಕಿಕ್ ಹೊಡೆಯುವ ಕಷ್ಟವೂ ತಪ್ಪಿ ಎಲೆಕ್ಟ್ರಾ ಗ್ಲೈಡ್ ಆಯಿತು. ತಮಾಷೆಯೆಂದರೆ ಇಷ್ಟೆಲ್ಲ ಆದಮೇಲೆ, 1984ರ ಸಾಫ್ಟೇಲ್ ಗಾಡಿಯಲ್ಲಿ ಅದೇ ಕಂಪನಿ ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಹೊಟ್ಟೆಯಡಿ ಬಚ್ಚಿಟ್ಟಿತು. ಯಾಕೆ? ನೋಡುವವರಿಗೆ ಗಾಡಿ ಹಳೆಯ ಕಾಲದ್ದರಂತೆ, ಶಾಕ್ ಅಬ್ಸಾರ್ಬರ್ ಇಲ್ಲದ್ದರಂತೆ ಕಾಣಬೇಕು! ಕ್ರೂಸರಿನ ಸ್ವಭಾವವೇ ಇದು. ಸುಖ ಬೇಕು, ಆದರೆ ಅಂದದ ಮುಂದೆ ಅದು ಬಾಯಿ ಬಿಡಬಾರದು.

ಬಾಯಿ ಬಿಡದ ಆ ಸುಖವನ್ನು ಮಾತಾಡಿಸುವ ಕಸುಬೊಂದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ವಾಹನಗಳ ಸೀಟು ಹೊಲಿಯುವ ಅಂಗಡಿಗಳು ಬೇಕಾದಷ್ಟಿವೆ. ಬೇರೆ ಊರುಗಳಲ್ಲೂ ಗ್ಯಾರೇಜು ಸಾಲಿನಲ್ಲಿ ಒಬ್ಬ ಕುಷನ್ ಮೇಸ್ತ್ರಿ ಇದ್ದೇ ಇರುತ್ತಾನೆ. ಹೆಚ್ಚಿನವರು ಹರಿದ ರೆಕ್ಸಿನ್ ಬದಲಿಸಿ ಕಳಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲವರಿದ್ದಾರೆ, ಅವರು ಸೀಟನ್ನು ಮುಟ್ಟುವ ಮುಂಚೆ ಸವಾರನನ್ನು ನೋಡುತ್ತಾರೆ.

ಅಂಥ ಒಬ್ಬ ಮೇಸ್ತ್ರಿಯ ಕೆಲಸ ನೋಡುತ್ತ ನಾನು ಒಂದು ಇಡೀ ಬೆಳಗ್ಗೆ ಕೂತಿದ್ದೇನೆ. ಬಂದ ಗಿರಾಕಿಗೆ ಅವರು ಹೇಳಿದ ಮೊದಲ ಮಾತು, “ಜೇಬಲ್ಲಿರೋ ಪರ್ಸ್ ತೆಗೀರಿ ಸಾರ್, ದಿನಾ ಕೂರೋ ಹಾಗೆ ಕೂತ್ಕೊಳ್ಳಿ.” ಗಿರಾಕಿ ಎದೆ ಸೆಟೆದು ಕೂತ. ಮೇಸ್ತ್ರಿ ಏನೂ ಅನ್ನಲಿಲ್ಲ, ಸುಮ್ಮನೆ ಹಿಂದೆ ನಿಂತು ಅದೂ ಇದೂ ಮಾತಾಡಿಸಿದರು. ಮಾತಾಡುತ್ತ ಆಡುತ್ತ ಆತನ ಬೆನ್ನು ತಾನಾಗಿ ಇಳಿಯಿತು, ಸೊಂಟ ಮುಂದಕ್ಕೆ ಜಾರಿತು. ನೋಡಬೇಕಾಗಿದ್ದದ್ದು ಅದನ್ನೇ. ಆಮೇಲೆ ಸೀಟು ಬಿಚ್ಚಿ, ಮಗುಚಿ, ಅಡಿಯ ಪ್ಲಾಸ್ಟಿಕ್ ತಟ್ಟೆಗೆ ಹೊಡೆದಿದ್ದ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದರು. ರೆಕ್ಸಿನ್ ಸುಲಿದಾಗ ಒಳಗಿನ ಫೋಮ್ ಹಳದಿಗಟ್ಟಿತ್ತು. ಅದರ ಮೇಲೆ ಹೆಬ್ಬೆರಳು ಒತ್ತುತ್ತ ಹೋಗಿ ಎರಡು ಕಡೆ ಸ್ಕೆಚ್ ಪೆನ್ನಿನಿಂದ ಗುಂಡಗೆ ಗುರುತು ಹಾಕಿದರು. ಮೂಳೆ ಕೂರುವ ಜಾಗ. ಅಲ್ಲಿ ಫೋಮ್ ಸತ್ತಿತ್ತು, ಒತ್ತಿದರೆ ಬೆರಳು ತಟ್ಟೆಗೇ ತಾಗುತ್ತಿತ್ತು.

ಇಲ್ಲಿ ಹೊರಗಿನವರು ಊಹಿಸುವುದೇ ಬೇರೆ, ಕಸುಬಿನವರು ಮಾಡುವುದೇ ಬೇರೆ. ನೋವಿದ್ದರೆ ಇನ್ನೊಂದಿಷ್ಟು ಮೆತ್ತನೆಯ ಸ್ಪಂಜು ತುಂಬಿಸಿದರಾಯಿತು ಅಂದುಕೊಳ್ಳುತ್ತೇವೆ. ಮೆತ್ತನೆಯ ಫೋಮ್ ಶೋರೂಮಿನಲ್ಲಿ ಕೂತಾಗ ಹಿತವಾಗಿರುತ್ತದೆ. ಅರ್ಧ ಗಂಟೆಯಾದ ಮೇಲೆ ಅದು ಪೂರ್ತಿ ಅಮುಕಿಹೋಗಿ ಮೂಳೆ ತಳ ಮುಟ್ಟುತ್ತದೆ. ಗಟ್ಟಿ ಫೋಮ್ ಭಾರವನ್ನು ಎರಡು ಬಿಂದುಗಳ ಮೇಲೆ ಬಿಡದೆ ತೊಡೆಯ ತನಕ ಹರಡುತ್ತದೆ. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ ಬೈಕ್ ಸೀಟು ಮಾಡಿ ಹೆಸರಾದ ಮೈಕ್ ಕಾರ್ಬಿನ್ ಅವರ ಸೀಟುಗಳೂ ಗಟ್ಟಿತನಕ್ಕೇ ಪ್ರಸಿದ್ಧ. ನಮ್ಮ ಮೇಸ್ತ್ರಿ ಆ ಹೆಸರನ್ನೇ ಕೇಳಿರಲಾರರು, ತೀರ್ಮಾನ ಮಾತ್ರ ಅದೇ. ಸತ್ತ ಜಾಗವನ್ನು ಕೊರೆದು ತೆಗೆದು, ಬಣ್ಣಬಣ್ಣದ ಫೋಮ್ ಚೂರುಗಳನ್ನು ಒತ್ತಿ ಮಾಡಿದ ಬಿಗಿ ಹಾಳೆಯೊಂದನ್ನು ಅಲ್ಲಿಗೆ ಕತ್ತರಿಸಿಕೊಂಡರು. ಎರಡೂ ಮೈಗೆ ಸಲ್ಯೂಷನ್ ಬಳಿದು, ಕೈಗೆ ಅಂಟುವಷ್ಟು ಒಣಗುವವರೆಗೆ ಬಿಟ್ಟು, ಆಮೇಲೆ ಒತ್ತಿದರು. ಮೆತ್ತನೆಯದು ಬಂದದ್ದು ಕೊನೆಗೆ, ಎಲ್ಲಕ್ಕೂ ಮೇಲೆ ತೆಳ್ಳಗೆ ಒಂದು ಪದರ.

ಆದರೆ ಆ ಬೆಳಗ್ಗೆ ನಾನು ಮರುಳಾದದ್ದು ಅವರು ಸೇರಿಸಿದ್ದಕ್ಕಲ್ಲ, ತೆಗೆದದ್ದಕ್ಕೆ. ಸೀಟಿನ ಮುಂಭಾಗದ ಎರಡು ಅಂಚನ್ನು ಉದ್ದ ಚಾಕುವಿನಿಂದ ಸವರಿ, ಗ್ರೈಂಡರಿಗೆ ಉಪ್ಪುಕಾಗದದ ಬಿಲ್ಲೆ ಹಾಕಿ ನುಣುಪು ಮಾಡಿದರು. ಫೋಮಿನ ಹುಡಿ ತಲೆಯ ಮೇಲೆಲ್ಲ. ಅಂಚು ಸಣ್ಣದಾದ್ದರಿಂದ ತೊಡೆಯ ಒಳಮೈಯನ್ನು ಸೀಟು ಒತ್ತುವುದು ನಿಂತಿತು, ಎತ್ತರ ಹಾಗೇ ಇದ್ದರೂ ಕಾಲು ನೆಲಕ್ಕೆ ಸಲೀಸಾಗಿ ಬಂತು. ಹಿಂದೆ ಬಾಲಮೂಳೆ ಬರುವ ಕಡೆ ಸಣ್ಣ ಕಾಲುವೆಯಂತೆ ತಗ್ಗು ತೆಗೆದರು. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಸವಾರ ಟ್ಯಾಂಕಿನತ್ತ ಜಾರುತ್ತಲೇ ಇರುತ್ತಾನೆ, ಜಾರದಿರಲು ಕೈ ಊರುತ್ತಾನೆ, ಸಂಜೆಗೆ ಮಣಿಕಟ್ಟು ನೋಯುತ್ತದೆ. ಅವನು ಔಷಧ ಹಚ್ಚುವುದು ಮಣಿಕಟ್ಟಿಗೆ! ಆ ಇಳಿಜಾರನ್ನೂ ಅವರು ಒಂದು ಬೆರಳಿನಷ್ಟು ಸಮ ಮಾಡಿದರು.

ರೆಕ್ಸಿನ್ ಎಳೆಯುವುದರಲ್ಲೂ ಲೆಕ್ಕವಿದೆ. ಸುಕ್ಕಿಲ್ಲದೆ ಕಾಣಲಿ ಎಂದು ಡೋಲಿನ ಹಾಗೆ ಬಿಗಿದರೆ ಫೋಮಿನ ಕೆಲಸವೆಲ್ಲ ಹಾಳು, ಮೈಭಾರವನ್ನು ರೆಕ್ಸಿನ್ನೇ ಹೊರುತ್ತದೆ. ಹೊಲಿಗೆ ಮೂಳೆಯ ಕೆಳಗೆ ಬರಕೂಡದು. ಹೊಲಿಗೆಯಿಂದ ಮಳೆನೀರು ಇಳಿಯದಂತೆ ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಬೇಕು. ಜೆಲ್ ಹಾಳೆ ಹಾಕಿ ಎಂದು ಕೇಳುವವರೂ ಇದ್ದಾರೆ. ಹಾಕಬಹುದು. ಆದರೆ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ರೆಕ್ಸಿನ್ ಕೆಳಗಿನ ಜೆಲ್ ಕಾದರೆ ಬೇಗ ಆರುವುದಿಲ್ಲ. ಅದನ್ನು ಅನುಭವಿಸಿದವರೇ ಹೇಳಬೇಕು.

ಒಂದು ಮಾತು ನಡುವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿ ಗಾಡಿಗಳ ಉದ್ದನೆಯ ಚಪ್ಪಟೆ ಸೀಟನ್ನು ಯಾರೂ ಕಲಾಕೃತಿ ಎನ್ನುವುದಿಲ್ಲ. ಆದರೆ ಅದರ ಮೇಲೆ ಹಿಂದೆ ಮುಂದೆ ಸರಿದು ಕೂರಬಹುದಿತ್ತು. ದೂರದ ದಾರಿಯಲ್ಲಿ ಮೈಗೆ ಬೇಕಾದದ್ದು ಜಾಗ ಬದಲಿಸುವ ಈ ಅವಕಾಶ. ಕ್ರೂಸರಿನ ಬಟ್ಟಲಿನಂಥ ಸೀಟು ಕಿತ್ತುಕೊಳ್ಳುವುದು ಅದನ್ನೇ. ನನ್ನನ್ನು ಕೇಳಿದರೆ, ಹಿಂದಿನ ಏರನ್ನು ಎರಡು ಬೆರಳು ಹಿಂದಕ್ಕೆ ಸರಿಸುವುದು ದುಬಾರಿ ಜೆಲ್ಲಿಗಿಂತ ಮೇಲು.

ಸೀಟಾದ ಮೇಲೆ ಹ್ಯಾಂಡಲ್. ಇದಕ್ಕೆ ಮೊದಲಿಗೆ ಖರ್ಚೇ ಇಲ್ಲ. ಹಿಡಿತದ ಬೋಲ್ಟು ಸಡಿಲಿಸಿ ಹ್ಯಾಂಡಲನ್ನು ತುಸು ತಿರುಗಿಸಿ, ಭುಜ ಇಳಿಬಿದ್ದು ಮೊಣಕೈ ಸ್ವಲ್ಪ ಮಡಚುವಂತೆ ನೋಡಬೇಕು. ಕ್ಲಚ್, ಬ್ರೇಕ್ ಲಿವರುಗಳು ಮುಂಗೈಯ ನೇರಕ್ಕೆ ಬರಬೇಕು. ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನುತ್ತಿದ್ದರೆ ಅಂಗೈಯ ಹೊರ ಅಂಚಿನ ನರ ಒತ್ತುತ್ತಿದೆ ಎಂದರ್ಥ. ಹೆಬ್ಬೆರಳ ಕಡೆಯವು ಜುಮ್ಮೆಂದರೆ ಮಣಿಕಟ್ಟು ಮಡಚಿಕೊಂಡಿದೆ. ಇಷ್ಟಕ್ಕೂ ಬಗ್ಗದಿದ್ದರೆ ರೈಸರ್ ಎಂಬ ತುಂಡನ್ನು ಕೊಟ್ಟು ಹ್ಯಾಂಡಲನ್ನು ಮೇಲಕ್ಕೆ, ಹಿಂದಕ್ಕೆ ತರುತ್ತಾರೆ. ಆಗ ಕೇಬಲ್ಲು, ಬ್ರೇಕಿನ ಕೊಳವೆ ಎಳೆದುಕೊಳ್ಳದಂತೆ ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ ಪರೀಕ್ಷಿಸದೆ ಗಾಡಿ ತೆಗೆಯಬಾರದು.

ಹ್ಯಾಂಡಲ್ ಆದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್. ಅದರ ಬುಡದಲ್ಲಿ ಬಿಗಿಯನ್ನು ಏರಿಸಿ ಇಳಿಸುವ, ಮೆಟ್ಟಿಲು ಮೆಟ್ಟಿಲಾದ ಬಳೆಯೊಂದಿರುತ್ತದೆ. ಅದನ್ನು ತಿರುಗಿಸುವ ಸ್ಪ್ಯಾನರು ಎಷ್ಟೋ ಗಾಡಿಗಳ ಟೂಲ್ ಕಿಟ್ಟಿನಲ್ಲೇ ಇರುತ್ತದೆ, ಕೊಂಡ ದಿನದಿಂದ ಹೊರಗೆ ಬಂದಿರುವುದಿಲ್ಲ. ಐವತ್ತೈದು ಕಿಲೋ ಸವಾರನಿಗೂ ತೊಂಬತ್ತು ಕಿಲೋ ಸವಾರನಿಗೂ ಒಂದೇ ಬಿಗಿ ಹೇಗೆ ಹೊಂದೀತು? ಹಗುರ ಮೈಯವರು ಒಂದೆರಡು ಮೆಟ್ಟಿಲು ಇಳಿಸಲಿ, ಹಿಂದೆ ಜನ, ಲಗೇಜು ಕೂತಾಗ ಏರಿಸಲಿ.

ಜನ ಅಂದೆನಲ್ಲ, ಕ್ರೂಸರ್ ಮಾಡುವವರಿಗೆ ಹಿಂಬದಿ ಸವಾರರ ಮೇಲೆ ಅದೇನು ಸಿಟ್ಟೋ ತಿಳಿಯದು. ಎಷ್ಟೋ ಗಾಡಿಗಳಲ್ಲಿ ಅವರಿಗೆ ಸಿಗುವುದು ಅಂಗೈಯಗಲದ ಒಂದು ತುಂಡು, ಅದೂ ಹಿಂದಿನ ಚಕ್ರದ ನೆತ್ತಿಯ ಮೇಲೆ. ನಾನು ಹೇಳಿದ ಮೇಸ್ತ್ರಿ ಅಂದು ಗಿರಾಕಿಯನ್ನು ಕೇಳಿದ ಕೊನೆಯ ಪ್ರಶ್ನೆಯೂ ಇದರದ್ದೇ: “ಹಿಂದೆ ಮೇಡಂ ಕೂರ್ತಾರಾ ಸಾರ್? ಹಾಗಾದ್ರೆ ಅವರನ್ನೂ ಕರ್ಕೊಂಡು ಬನ್ನಿ, ನಿಮ್ಮನ್ನ ಕೂರಿಸಿ ಅವರ ಸೀಟು ಕೊರೆಯೋಕಾಗಲ್ಲ.” ನೀವೂ ಹೋಗುವುದಾದರೆ ಇಬ್ಬರೂ ಹೋಗಿ, ಬೆಳಗ್ಗೆಯೇ ಹೋಗಿ. ಸಲ್ಯೂಷನ್ ಒಣಗಬೇಕು, ಕೂತು ನೋಡಬೇಕು, ಬೇಕಾದರೆ ಮತ್ತೆ ಬಿಚ್ಚಿಸಬೇಕು.