ವಿಮಾನವಿದ್ಯೆಯ ಕಿರಿಯ ಪಾಠಶಾಲೆಗಳು



ವಿಮಾನವೆಂದೊಡನೆ ನಮ್ಮ ಜನರ ಮನಸ್ಸಿಗೆ ಮೊದಲು ಬರುವುದು ಪುಷ್ಪಕ. ಶ್ರೀರಾಮನು ಪರಿವಾರಸಮೇತನಾಗಿ ಅದರಲ್ಲಿ ಕುಳಿತು ಲಂಕೆಯಿಂದ ಅಯೋಧ್ಯೆಗೆ ಬಂದ ಕಥೆಯನ್ನು ಕೇಳದ ಮಕ್ಕಳಿಲ್ಲ. ಅದಕ್ಕೆ ಎಷ್ಟು ಜನ ಹತ್ತಿದರೂ ಇನ್ನೊಬ್ಬನಿಗೆ ಎಡೆಯಿರುತ್ತಿತ್ತಂತೆ. ಮನಸ್ಸಿನಲ್ಲಿ ನೆನೆದರೆ ಸಾಕು, ತಾನಾಗಿಯೇ ನಡೆಯುತ್ತಿತ್ತಂತೆ. ಅದನ್ನು ನಡೆಸುವ ವಿದ್ಯೆಯನ್ನು ಯಾರೂ ಕಲಿಯಬೇಕಾಗಿರಲಿಲ್ಲ. ನಾವು ಈ ಹೊತ್ತು ಹೇಳಹೊರಟಿರುವುದು ಇಬ್ಬರೋ ನಾಲ್ವರೋ ಕೂರಬಹುದಾದ, ಕಲಿತವನ ಕೈಯಿಲ್ಲದೆ ಒಂದು ಗೇಣೂ ನೆಲಬಿಡದ ಪುಟ್ಟ ವಿಮಾನಗಳ ವಿಷಯ. ಅವುಗಳನ್ನು ನಡೆಸಲು ಕಲಿಸತಕ್ಕ ಸಂಘಗಳ ಮತ್ತು ಶಾಲೆಗಳ ವಿಷಯ.

ದೊಡ್ಡ ವಿಮಾನಗಳ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅವುಗಳನ್ನು ನಡೆಸುವವರು ಎಲ್ಲಿಂದ ಬಂದರೆಂಬುದನ್ನು ವಿಚಾರಿಸುವವರು ಕಡಮೆ. ಆ ಪೈಲಟ್ಟುಗಳಲ್ಲಿ ಹೆಚ್ಚಿನವರು ಎಲ್ಲಿಯೋ ಒಂದು ಸಣ್ಣ ಬಯಲಿನಲ್ಲಿ, ಒಂದೇ ಎಂಜಿನ್ನಿನ ವಿಮಾನದಲ್ಲಿ, ಶಿಕ್ಷಕನ ಬೈಗುಳವನ್ನು ಕೇಳುತ್ತ ಓನಾಮ ಕಲಿತವರೇ. ಕಾಲೇಜಿಗೆ ಹಳ್ಳಿಯ ಪ್ರಾಥಮಿಕ ಶಾಲೆ ಹೇಗೋ, ಮಹಾವಿಮಾನಗಳಿಗೆ ಈ ಸಣ್ಣ ಬಯಲು ಹಾಗೆ.

ಇಂಥ ಸಂಘಗಳ ಹುಟ್ಟಿಗೆ ಇಂಗ್ಲೆಂಡಿನಲ್ಲಿ 1925ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಮಾತ್ ಎಂಬ ಹಗುರ ವಿಮಾನವು ಬಹುಮಟ್ಟಿಗೆ ಕಾರಣ. ಮರದ ಚೌಕಟ್ಟು, ಬಟ್ಟೆ ಹೊದಿಸಿದ ಎರಡಂತಸ್ತಿನ ರೆಕ್ಕೆ, 60 ಅಶ್ವಶಕ್ತಿಯ ಎಂಜಿನ್ನು. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿದರೆ ಸಣ್ಣ ಕೊಟ್ಟಿಗೆಯಲ್ಲಿಯೂ ಇಡಬಹುದಾಗಿತ್ತು. ಅಲ್ಲಿಯವರೆಗೆ ಸೈನಿಕರ ಸೊತ್ತಾಗಿದ್ದ ಹಾರಾಟವು ಆಗ ನಾಗರಿಕರ ಕೈಗೆ ಬಂದಿತು. 1928ರ ಸುಮಾರಿಗೆ ಭಾರತದ ದೊಡ್ಡ ನಗರಗಳಲ್ಲಿಯೂ ಹಾರಾಟದ ಕ್ಲಬ್ಬುಗಳು ತಲೆಯೆತ್ತಿದವು. 1929ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಜೆ. ಆರ್. ಡಿ. ಟಾಟಾ ಅವರಿಗೆ ದೊರೆತ ಲೈಸೆನ್ಸಿನ ಸಂಖ್ಯೆ ಒಂದು.

ಆ ಕಾಲದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ ಬಹುಮಾನ ಕೊಡುವುದಾಗಿ ಆಗಾ ಖಾನರು ಸಾರಿದ್ದರು. 1930ರಲ್ಲಿ ಟಾಟಾ ಅವರು ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಆಸ್ಪಿ ಎಂಜಿನಿಯರ್ ಎಂಬ ಹದಿನೇಳರ ಹುಡುಗ ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟಿದ್ದ. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಇಳಿದರು. ಹುಡುಗನ ವಿಮಾನ ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತುಹೋಗಿತ್ತು. ಟಾಟಾ ಅವರು ತಮ್ಮಲ್ಲಿದ್ದ ಪ್ಲಗ್ಗನ್ನು ಪ್ರತಿಸ್ಪರ್ಧಿಗೆ ಕೊಟ್ಟು ಮುಂದೆ ಹೋದರು. ಹುಡುಗ ಕೆಲವು ಗಂಟೆಗಳಷ್ಟು ಮೊದಲು ಗುರಿಮುಟ್ಟಿ ಬಹುಮಾನವನ್ನು ಪಡೆದ. ಅವನೇ ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯ ಮುಖ್ಯಾಧಿಕಾರಿಯಾಗಿದ್ದು, 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥನಾದ. ಸಣ್ಣ ಬಯಲಿನ ವಿದ್ಯೆಯಲ್ಲಿ ಲಿವರುಗಳ ಪಾಠದೊಡನೆ ಈ ಸೌಜನ್ಯದ ಪಾಠವೂ ಸೇರಿತ್ತು.

ಇನ್ನು ನಮ್ಮ ನಾಡಿನ ಮಾತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದು ಆಕಾಶಕ್ಕೆ ಮಾತು ಕೊಟ್ಟರು. ಐದು ವರ್ಷಗಳ ತರುವಾಯ, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಮೈಸೂರು ಸರ್ಕಾರದ ಬೆಂಬಲವೂ ಬಂಡವಾಳವೂ ಒದಗಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅದೇ ದಶಕದಲ್ಲಿ ನಂಜನಗೂಡಿನ ದಾರಿಯ ಮಂಡಕಳ್ಳಿಯಲ್ಲಿ ಮೈಸೂರಿಗೊಂದು ವಿಮಾನದ ಬಯಲು ಸಿದ್ಧವಾಯಿತು. ಕಾರ್ಖಾನೆಯಾಯಿತು, ಬಯಲಾಯಿತು, ಹಾರುವವರು ಬೇಡವೆ? 1948ರಲ್ಲಿ, ಶ್ರೀ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು.

ಈ ಶಾಲೆಯನ್ನು ಮೊದಲಲ್ಲಿ ನಡೆಸಿದವರು ಮಹಾರಾಜರ ಡಕೋಟಾ ವಿಮಾನದ ಪೈಲಟ್ಟಾಗಿದ್ದ ಕ್ಯಾಪ್ಟನ್ ವಿ. ಸುಂದರಂ. ಅಲ್ಲಿ ಕಲಿತ ಮೊದಮೊದಲಿನವರಲ್ಲಿ ಅವರ ಪತ್ನಿ ಶ್ರೀಮತಿ ಉಷಾ ಸುಂದರಂ ಒಬ್ಬರು. 1951ರಲ್ಲಿ ಈ ದಂಪತಿಗಳು ಡಿ ಹ್ಯಾವಿಲೆಂಡ್ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ 27 ಗಂಟೆಗಳಲ್ಲಿ ತಂದುದು ದೊಡ್ಡ ದಾಖಲೆಯಾಯಿತು. ಹೆಣ್ಣುಮಕ್ಕಳು ಬೈಸಿಕಲ್ಲು ಹತ್ತಿದರೆ ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದ ದಿನಗಳಲ್ಲಿ ಒಂದು ಸರ್ಕಾರಿ ಶಾಲೆ ಹೆಣ್ಣುಮಗಳಿಗೆ ಆಕಾಶದ ಬಾಗಿಲನ್ನು ತೆರೆದಿತ್ತೆಂಬುದು ನೆನಪಿಡತಕ್ಕ ಸಂಗತಿ.

ಇಂಥ ಶಾಲೆಯಲ್ಲಿ ನಡೆಯುವ ಕೆಲಸವೇನು? ನೋಡಬೇಕಾದರೆ ಬೆಳಗಿನ ಜಾವವೇ ಹೋಗಬೇಕು. ಬಿಸಿಲೇರಿದ ಮೇಲೆ ಕಾದ ನೆಲದಿಂದ ಗಾಳಿ ಮೇಲೆದ್ದು ಹಗುರ ವಿಮಾನವನ್ನು ಮೊರದ ಕಾಳಿನಂತೆ ಕುಲುಕುತ್ತದೆ. ಹೊಸಬನ ಕೈ ನಿಲ್ಲುವುದಿಲ್ಲ. ಮೊದಲು ವಿಮಾನಕ್ಕೆ ಪ್ರದಕ್ಷಿಣೆ. ಒಂದೊಂದು ಕೀಲನ್ನೂ ಕೈಯಿಂದ ಮುಟ್ಟಿ ನೋಡಬೇಕು. ರೆಕ್ಕೆಯೊಳಗಿನ ತೊಟ್ಟಿಯ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿಯಬೇಕು. ಈಗ ಇಂಥ ವಿಮಾನಗಳಿಗೆ ಸಾಮಾನ್ಯವಾಗಿ ಹಾಕುವ ಪೆಟ್ರೋಲಿನ ಬಣ್ಣ ತಿಳಿನೀಲಿ. ಅದರಲ್ಲಿ ನೀರು ಸೇರಿದ್ದರೆ ಲೋಟದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆ ಒಂದು ಗುಟುಕು ನೀರು ಎಂಜಿನ್ನನ್ನು ಆಕಾಶದಲ್ಲಿ ನಿಲ್ಲಿಸಬಲ್ಲದು. ಆದುದರಿಂದ ಸಾವಿರ ಗಂಟೆ ಹಾರಿದವನೂ ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ಆಮೇಲೆ ಗಾಳಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಂಡಕಳ್ಳಿಯ ರನ್‌ವೇಯ ಒಂದು ತುದಿಯಲ್ಲಿ 09 ಎಂದೂ ಇನ್ನೊಂದು ತುದಿಯಲ್ಲಿ 27 ಎಂದೂ ಬರೆದಿದೆ. ಅವು ದಿಕ್ಸೂಚಿಯ 90 ಮತ್ತು 270 ಅಂಶಗಳ ಸಂಕ್ಷೇಪ. ಎಂದರೆ ಪೂರ್ವ ಮತ್ತು ಪಶ್ಚಿಮ. ಹೀಗೇಕೆ? ಆಷಾಢದ ಗಾಳಿ ನಮಗೆ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಮಾಗಿಯ ಗಾಳಿ ಪೂರ್ವದ ಕಡೆಯಿಂದ. ನಮ್ಮ ಒಕ್ಕಲಿಗನು ರಾಗಿಯನ್ನು ತೂರುವಾಗ ನೋಡುವ ಗಾಳಿಯನ್ನೇ ರನ್‌ವೇ ಹಾಕಿದ ಎಂಜಿನಿಯರನೂ ನೋಡಿದ್ದಾನೆ. ಎತ್ತರದ ಲೆಕ್ಕವೂ ಒಂದುಂಟು. ಸಮುದ್ರಮಟ್ಟದಿಂದ 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಗಾಳಿ ಕಡಲತೀರದ್ದಕ್ಕಿಂತ ನೂರಕ್ಕೆ ಎಂಟು ಪಾಲಿಗೂ ಮಿಕ್ಕಿ ತೆಳು. ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಮೆ. ನೆಲ ಬಿಡಲು ಹೆಚ್ಚು ಓಟ ಬೇಕು.

ಪಾಠವೆಂದರೆ ಬಹುಪಾಲು ಒಂದೇ ಸುತ್ತು. ಏರುವುದು, ಎಡಕ್ಕೆ ಹೊರಳುವುದು, ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುವುದು, ಮತ್ತೆರಡು ಸಲ ಹೊರಳಿ ಇಳಿಯುವುದು. ಐದಾರು ನಿಮಿಷದ ಈ ಸುತ್ತನ್ನು ವಿದ್ಯಾರ್ಥಿಯು ಮಗ್ಗಿಯಂತೆ ನೂರಾರು ಸಲ ಒಪ್ಪಿಸಬೇಕು. ಒಂದು ದಿನ ಶಿಕ್ಷಕನು, ಮುಂಚೆ ಏನನ್ನೂ ಹೇಳದೆ, ಬಾಗಿಲು ತೆರೆದು ಇಳಿದುಬಿಡುತ್ತಾನೆ. ‘ಒಂದು ಸುತ್ತು ಹೋಗಿ ಬಾ’ ಎಂಬಷ್ಟೇ ಮಾತು. ಪಕ್ಕದ ಆಸನ ಬರಿದಾದ ವಿಮಾನ ಹಗುರವಾಗಿ ಬೇಗನೆ ಮೇಲೇಳುತ್ತದೆ. ಇಳಿದು ಬಂದವನ ತಲೆಯ ಮೇಲೆ ಗೆಳೆಯರು ಒಂದು ಬಕೆಟ್ಟು ನೀರು ಸುರಿಯುವುದು ಅನೇಕ ಕಡೆ ವಾಡಿಕೆ. ಹದಿನಾರು ತುಂಬಿದವರು ಕಲಿಕೆಯನ್ನು ಆರಂಭಿಸಬಹುದು. ಜೀವನೋಪಾಯಕ್ಕಾಗಿ ಹಾರುವ ಲೈಸೆನ್ಸಿಗೆ ಹದಿನೆಂಟು ವರ್ಷ ವಯಸ್ಸೂ, ಒಟ್ಟು 200 ಗಂಟೆಗಳ ಹಾರಾಟವೂ ಬೇಕು.

ಈ ಶಾಲೆಗಳಿಗೆ ಬೇಕಾದ ವಿಮಾನವನ್ನೂ ನಾವೇ ಮಾಡಿಕೊಂಡ ಕಾಲವಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರ ಸೆಪ್ಟೆಂಬರಿನಲ್ಲಿ, ಕ್ಲಬ್ಬುಗಳಿಗೆಂದೇ ಮಾಡಿದ, 90 ಅಶ್ವಶಕ್ತಿಯ ಎಂಜಿನ್ನಿನ, ಬಟ್ಟೆ ಹೊದಿಸಿದ ಪುಟ್ಟ ವಿಮಾನವೊಂದು ಹಾರಿತು. ಅದಕ್ಕಿಟ್ಟ ಹೆಸರು ಪುಷ್ಪಕ್. ಅದರಲ್ಲಿ ಎಡೆಯಿದ್ದುದು ಗುರುವಿಗೂ ಶಿಷ್ಯನಿಗೂ ಮಾತ್ರ. ದೇಶದ ನಾನಾ ಕಡೆ ಒಂದು ಇಡೀ ತಲೆಮಾರು ಇದರಲ್ಲಿ ಕಲಿತಿತು.

ಈಗ ಒಂದು ಕಠಿನವಾದ ಪ್ರಶ್ನೆಯನ್ನೆತ್ತಬೇಕು. ಜಕ್ಕೂರಿನ ಬಯಲು ಒಂದು ಕಾಲಕ್ಕೆ ಊರಾಚೆಯದು. ಇಂದು ಊರೇ ಅದರ ಸುತ್ತ ಬೆಳೆದು ನಿಂತಿದೆ. ಬಳ್ಳಾರಿ ರಸ್ತೆಯ ಮೇಲುದಾರಿ ಎದ್ದಮೇಲೆ ರನ್‌ವೇಯ ಒಂದು ಭಾಗ ಉಪಯೋಗಕ್ಕಿಲ್ಲದಂತಾಯಿತು. ಶಿಕ್ಷಕರ ಕೊರತೆಯಿಂದ ತರಬೇತಿಯೇ ನಿಂತಿದ್ದು 2022ರಲ್ಲಿ ಮತ್ತೆ ಆರಂಭವಾಯಿತು. ‘ಇಷ್ಟು ಬೆಲೆಬಾಳುವ ನೆಲ ಕೆಲವರು ಹಾರುವುದಕ್ಕಾಗಿ ಬಯಲಾಗಿ ಬಿದ್ದಿರಬೇಕೆ? ಇದು ಸಿರಿವಂತರ ವಿನೋದವಲ್ಲವೆ?’ ಎಂದು ಕೇಳುವವರುಂಟು. ಈ ಪ್ರಶ್ನೆ ಅನ್ಯಾಯದ್ದಲ್ಲ. ಮನೆಯಿಲ್ಲದವರಿರುವ ನಗರದಲ್ಲಿ ಪ್ರತಿಯೊಂದು ಬಯಲೂ ಉತ್ತರ ಹೇಳಬೇಕು.

ನಮ್ಮ ಉತ್ತರ ಹೀಗೆ. ಬಯಲು ವಿಮಾನಕ್ಕೆ ಅಲಂಕಾರವಲ್ಲ, ಪ್ರಾಣ. ಸಾವಿರ ಅಡಿಯ ಮೇಲೆ ಎಂಜಿನ್ನು ನಿಂತರೆ ಸಣ್ಣ ವಿಮಾನ ತೇಲುತ್ತ ಸುಮಾರು ಒಂದೂವರೆ ಮೈಲಿ ಹೋಗಬಲ್ಲದು. ಅಷ್ಟರೊಳಗೆ ಒಂದು ಹೊಲವೋ ಒಂದು ಕೆರೆಯಂಗಳವೋ ಸಿಕ್ಕಬೇಕು. ಸುತ್ತಲೂ ಮಹಡಿಗಳೇ ಆದರೆ ಕಲಿಯುವವರಿಗೂ ಅಪಾಯ, ಮಹಡಿಯಲ್ಲಿರುವವರಿಗೂ ಅಪಾಯ. ಊರು ಬೆಳೆಯಬಾರದೆಂದು ನಾವು ಹೇಳುವುದಿಲ್ಲ. ಊರು ಬಯಲನ್ನು ನುಂಗುವುದಕ್ಕೆ ಮುಂಚೆಯೇ ಮತ್ತೊಂದು ಬಯಲನ್ನು ಗೊತ್ತುಮಾಡಿ, ಅದರ ಸುತ್ತಣ ನೆಲವನ್ನು ಕಾಯ್ದಿರಿಸಬೇಕೆಂಬುದಷ್ಟೇ ನಮ್ಮ ಸೂಚನೆ. ಮೈಸೂರಿನವರಿಗೆ ಇದು ದೂರದ ಮಾತಲ್ಲ. 2010ರಲ್ಲಿ ಹೊಸ ರೂಪ ಪಡೆದ ಮಂಡಕಳ್ಳಿಯಲ್ಲಿ ಪ್ರಯಾಣಿಕರ ವಿಮಾನಗಳು ಬಂದು ನಿಂತು ಮತ್ತೆ ಬಂದಿವೆ. ಖಾಸಗಿ ತರಬೇತಿಯ ಪುಟ್ಟ ವಿಮಾನಗಳೂ ಅಲ್ಲಿ ಹಾರಿವೆ. ನಂಜನಗೂಡಿನ ಹೆದ್ದಾರಿ, ರೈಲುಹಾದಿ, ಹೊಸ ಬಡಾವಣೆಗಳು ಅದನ್ನೂ ಒತ್ತುತ್ತಿವೆ. ಇಂದು ಎಚ್ಚರಗೊಂಡರೆ ಅದರ ಸುತ್ತಣ ಹೊಲಗಳಿನ್ನೂ ಉಳಿದಾವು.

ಸಿರಿವಂತರ ವಿನೋದವೆಂಬ ಆಕ್ಷೇಪಕ್ಕೆ ಸರ್ಕಾರಿ ಶಾಲೆಯೇ ಉತ್ತರವಾಗಬೇಕು. ಒಂದು ಗಂಟೆಯ ಹಾರಾಟಕ್ಕೆ ಸಾವಿರಾರು ರೂಪಾಯಿ, ಪೂರ್ತಿ ಶಿಕ್ಷಣಕ್ಕೆ ಹತ್ತಾರು ಲಕ್ಷ ಬೇಕಾದ ಈ ದಿನಗಳಲ್ಲಿ ಖಾಸಗಿ ಶಾಲೆಗಳ ಬಾಗಿಲು ಗುಮಾಸ್ತನ ಮಗಳಿಗೂ ರೈತನ ಮಗನಿಗೂ ತೆರೆಯುವುದು ಕಷ್ಟ. ನಮ್ಮ ಕಾಲೇಜುಗಳ ಭೌತಶಾಸ್ತ್ರದ ತರಗತಿಗಳಲ್ಲಿ ರೆಕ್ಕೆಯ ಮೇಲಣ ಒತ್ತಡವನ್ನು ಲೆಕ್ಕಹಾಕಿ ಒಪ್ಪಿಸುವ ಜಾಣ ಮಕ್ಕಳು ಎಷ್ಟೋ ಮಂದಿ. ಹಣವೊಂದಿಲ್ಲದ ಕಾರಣಕ್ಕೆ ಆ ರೆಕ್ಕೆಯನ್ನು ಮುಟ್ಟದೆಯೇ ಉಳಿಯುವವರೂ ಅಷ್ಟೇ ಮಂದಿ. 1948ರಲ್ಲಿ, ಇಂದಿಗಿಂತ ಎಷ್ಟೋ ಬಡದಾಗಿದ್ದ ಸರ್ಕಾರವೊಂದು ಈ ವಿದ್ಯೆಗಾಗಿ ನೆಲವನ್ನೂ ಹಣವನ್ನೂ ಎತ್ತಿಟ್ಟಿತು. ಅದಕ್ಕಿಂತ ಸಿರಿವಂತರಾದ ನಾವು ಮಾಡಬೇಕಾದುದು ಮೂರು ಕೆಲಸ: ಒಳ್ಳೆಯ ಶಿಕ್ಷಕರು ನಿಲ್ಲುವಂಥ ಸಂಬಳ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ಮತ್ತು ಅಡ್ಡಿಯಿಲ್ಲದ ಬಯಲು. ಇವುಗಳಲ್ಲಿ ಮೊದಲ ಎರಡನ್ನು ಮುಂದಿನ ವರ್ಷವೂ ಒದಗಿಸಬಹುದು. ಒಮ್ಮೆ ಕಟ್ಟಡ ಎದ್ದ ಬಯಲನ್ನು ಮಾತ್ರ ಯಾವ ಸರ್ಕಾರವೂ ಹಿಂದಕ್ಕೆ ತರಲಾರದು.