ಲೆಸ್ಲಿ ಏನಂತಾಳೆ?: ವ್ಯಾಂಪೈರ್, ಟೈಮ್ ಟ್ರಾವೆಲ್ ಮತ್ತು ಹದಿನಾರರ ಪ್ರೀತಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

 

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನನಗೊಂದು ವಾಟ್ಸಾಪ್ ಮೆಸೇಜ್ ಬಂತು. ಕಳಿಸಿದ್ದು ನಮ್ಮಕ್ಕನ ಮಗಳು. ಹದಿನೈದು ವರ್ಷ, ಹತ್ತನೇ ಕ್ಲಾಸು. "ಚಿಕ್ಕಿ, ಗಿಡಿಯನ್ ಒಳ್ಳೆಯವನಾ, ಕೆಟ್ಟವನಾ? ಒಂದೇ ಪದದಲ್ಲಿ ಹೇಳು. ಅರ್ಜೆಂಟು."

ಗಾಬರಿ ಆಗ್ಬೇಡಿ. ಗಿಡಿಯನ್ ಅವಳ ಕ್ಲಾಸಿನ ಹುಡುಗ ಅಲ್ಲ. ಒಂದು ಕಾದಂಬರಿಯ ಹೀರೋ. ಕಾಲದಲ್ಲಿ ಹಿಂದಕ್ಕೆ ಹೋಗಿ ಬರ್ತಾನೆ, ಕತ್ತಿವರಸೆ ಗೊತ್ತು, ನೋಡೋಕೆ ಚೆನ್ನಾಗಿದ್ದಾನೆ. ಅವನ ಬಗ್ಗೆ ಒಂದೇ ಪದದ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದೇ ಇವತ್ತಿನ ಸಂಚಿಕೆ.

ನನ್ನ ಎಡ್ವರ್ಡ್

ನನಗೆ ಆ ವಯಸ್ಸಿದ್ದಾಗ ನನ್ನ ಗಿಡಿಯನ್ ಹೆಸರು ಎಡ್ವರ್ಡ್ ಕಲನ್. 2013, ದಾವಣಗೆರೆ, ಫಸ್ಟ್ ಪಿಯು ಕಾಮರ್ಸ್. ನಮ್ಮ ಮಾಮ ಬೆಂಗಳೂರಿನ ಅವೆನ್ಯೂ ರೋಡಿಂದ ಸೆಕೆಂಡ್ ಹ್ಯಾಂಡ್ 'ಟ್ವೈಲೈಟ್' ತಂದುಕೊಟ್ಟಿದ್ರು. ಕೊನೇ ಎರಡು ಹಾಳೆ ಇರಲಿಲ್ಲ. ಅಕೌಂಟೆನ್ಸಿ ಪುಸ್ತಕದೊಳಗೆ ಇಟ್ಕೊಂಡು ಮೂರು ದಿನದಲ್ಲಿ ಮುಗಿಸಿದೆ. ಅಮ್ಮ ನೋಡಿ, "ಈ ಸಲ ಸೀರಿಯಸ್ ಆಗಿ ಓದ್ತಿದಾಳೆ" ಅಂತ ಎದುರುಮನೆ ಆಂಟಿಗೆ ಹೇಳ್ಕೊಂಡು ಬಂದ್ರು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಸ್ಟೆಫನಿ ಮೇಯರ್ ಬರೆದ ಈ ಪುಸ್ತಕ ಬಂದಿದ್ದು 2005ರಲ್ಲಿ. 2008ರ ಹೊತ್ತಿಗೆ ನಾಲ್ಕು ಪುಸ್ತಕ, ಜೊತೆಗೆ ಸಿನಿಮಾ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಫೋರ್ಕ್ಸ್ ಅಂತ ಯಾವಾಗಲೂ ಮಳೆ ಸುರಿಯೋ ಊರು. ಅಲ್ಲಿಗೆ ಬರ್ತಾಳೆ ಹದಿನೇಳರ ಬೆಲ್ಲಾ. ಎಡ್ವರ್ಡ್ ನೋಡೋಕೆ ಹದಿನೇಳೇ, ಆದರೆ ಹುಟ್ಟಿದ್ದು 1901ರಲ್ಲಿ. 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಸಾಯ್ತಾ ಇದ್ದವನನ್ನ ವ್ಯಾಂಪೈರ್ ಮಾಡಿ ಉಳಿಸಿರ್ತಾರೆ. ಎಲ್ಲರ ಮನಸ್ಸಲ್ಲಿ ಓಡೋದು ಅವನಿಗೆ ಕೇಳಿಸತ್ತೆ, ಬೆಲ್ಲಾದು ಮಾತ್ರ ಕೇಳಿಸಲ್ಲ.

ಈಗ ಇದನ್ನ ಕೇಳಿ ನಗಬಹುದು. ನಾನು ನಗಲ್ಲ. ಈ ಕಥೆಗಳು ಆ ವಯಸ್ಸಿನವರನ್ನ ಯಾಕೆ ಹಿಡ್ಕೊಳ್ತವೆ ಅಂತ ನನಗೆ ಚೆನ್ನಾಗಿ ಗೊತ್ತು. ಹದಿನಾರರಲ್ಲಿ ನಮ್ಮ ಹತ್ತಿರ ಇಲ್ಲದೇ ಇರೋದು ದುಡ್ಡಲ್ಲ, ಟೈಮು. ಬೆಳಗ್ಗೆ ಆರಕ್ಕೆ ಟ್ಯೂಷನ್, ಒಂಬತ್ತಕ್ಕೆ ಕಾಲೇಜು, ಸಂಜೆ ಇನ್ನೊಂದು ಟ್ಯೂಷನ್, ಏಳರೊಳಗೆ ಮನೆ. ಪ್ರತಿ ಗಂಟೆಗೂ ಯಾರಾದರೊಬ್ಬರು ಲೆಕ್ಕ ಕೇಳ್ತಾರೆ. ಅಂಥವರಿಗೆ ನೂರು ವರ್ಷ ಬದುಕಿರೋ ಹುಡುಗ, ಇಲ್ಲಾ ಇನ್ನೊಂದು ಶತಮಾನಕ್ಕೆ ಓಡಿಹೋಗೋ ದಾರಿ ಸಿಕ್ಕರೆ? ಯಾರ ಲೆಕ್ಕಕ್ಕೂ ಸಿಗದ ಟೈಮು ಅದು. ಅದಕ್ಕೇ ಈ ಪುಸ್ತಕಗಳನ್ನ ಬೆಳಗಿನ ಜಾವ ಮೂರರವರೆಗೆ ಕೂತು ಓದ್ತೀವಿ.

ಕೇರ್ ಅಲ್ಲ, ಹಾಜರಿ

ಆದರೆ ಆ ವರ್ಷ ನಾನು ಆ ಪುಸ್ತಕದಿಂದ ಇನ್ನೊಂದು ಪಾಠನೂ ಕಲಿತೆ. ಎಡ್ವರ್ಡ್ ರಾತ್ರಿ ಬೆಲ್ಲಾ ರೂಮಿಗೆ ಅವಳಿಗೆ ಗೊತ್ತಿಲ್ಲದ ಹಾಗೆ ಬಂದು ಅವಳು ಮಲಗಿರೋದನ್ನ ನೋಡ್ತಾ ಇರ್ತಾನೆ. ಅವಳಿಗೆ ಗೊತ್ತಾದಾಗ ಭಯ ಆಗಲ್ಲ, ಖುಷಿ ಆಗತ್ತೆ. ನನಗೂ ಆಯ್ತು. ಮೂರನೇ ಪುಸ್ತಕದಲ್ಲಿ ಅವಳು ಫ್ರೆಂಡ್ ಜೇಕಬ್‌ನ ನೋಡೋಕೆ ಹೊರಟರೆ ಇವನು ಅವಳ ಗಾಡಿ ಎಂಜಿನ್ನಿನ ಒಂದು ಭಾಗವನ್ನೇ ಬಿಚ್ಚಿ ಇಟ್ಕೊಳ್ತಾನೆ. ಅವಳ ಸುರಕ್ಷತೆಗಂತೆ. ಆಮೇಲೆ ಅದೇ ಪುಸ್ತಕದಲ್ಲಿ ಅವನೇ ದಾರಿ ಬದಲಾಯಿಸ್ತಾನೆ, ಅದನ್ನೂ ಹೇಳಬೇಕು. ಆದರೆ ಹದಿನಾರರಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಬದಲಾಯಿಸಿದ್ದಲ್ಲ, ಬಿಚ್ಚಿಟ್ಟಿದ್ದು.

ಯಾಕಂದ್ರೆ ಅದೇ ಹೊತ್ತಿಗೆ ಒಬ್ಬ ಹುಡುಗ ಬಸ್ ಸ್ಟಾಪಿಂದ ಟ್ಯೂಷನ್‌ವರೆಗೆ ಬೈಕಲ್ಲಿ ನನ್ನ ಹಿಂದೆ ಬರ್ತಿದ್ದ. ನಾನು ಎಷ್ಟು ಗಂಟೆಗೆ ಎಲ್ಲಿರ್ತೀನಿ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಎರಡು ವಾರ ಬಿಟ್ಟು ಮಾತಾಡ್ದ. ಒಂದು ತಿಂಗಳಲ್ಲಿ ಫೇಸ್‌ಬುಕ್ ಪಾಸ್‌ವರ್ಡ್ ಕೇಳ್ದ. ನಾನು ಕೊಟ್ಟೆ! "ಎಷ್ಟು ಕೇರ್ ಮಾಡ್ತಾನೆ" ಅಂದ್ಕೊಂಡೆ.

ನನ್ನ ಪಕ್ಕದಲ್ಲಿ ಕೂರ್ತಿದ್ದ ಗೆಳತಿ ಒಂದೇ ಮಾತು ಹೇಳಿದ್ಲು. "ಇದು ಕೇರ್ ಅಲ್ಲ ಕಣೇ, ಹಾಜರಿ."

ನಾನು ಆ ಮಾತನ್ನ ಹೋಗಿ ಅವನಿಗೇ ಹೇಳಿದೆ. ಅವನು, "ಅವಳಿಗೆ ಹೊಟ್ಟೆಕಿಚ್ಚು, ಅವಳ ಜೊತೆ ಇರ್ಬೇಡ" ಅಂದ. ನಾನು ಬೆಂಚು ಬದಲಾಯಿಸಿದೆ. ಎಂಟು ತಿಂಗಳಲ್ಲಿ ಅವನ ಕಥೆ ಮುಗೀತು, ಅದರ ವಿವರ ಬೇಡ. ಗೆಳತಿ ಜೊತೆ ಮಾತ್ರ ಪಿಯು ಮುಗಿಯೋವರೆಗೂ ಮಾತಿರಲಿಲ್ಲ. ಹುಡುಗ ಹೋಗಿದ್ದಕ್ಕೆ ನಾನು ಒಂದು ವಾರ ಅತ್ತಿರಬಹುದು. ಆ ಬೆಂಚು ಬಿಟ್ಟಿದ್ದು ಈಗಲೂ ಚುಚ್ಚತ್ತೆ.

ಇನ್ನೊಂದು ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಬೇಡ ಅಂದ ಮೇಲೂ ಹುಡುಗಿ ಹಿಂದೆ ಬೀಳೋದನ್ನ ಅಪರಾಧ ಅಂತ ಹೆಸರಿಟ್ಟು ಐಪಿಸಿಗೆ 354ಡಿ ಸೆಕ್ಷನ್ ಸೇರಿಸಿದ್ದು ಅದೇ 2013ರಲ್ಲಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 78. ನಾನು ಬೇಡ ಅಂದಿರಲಿಲ್ಲ, ನಿಜ. ಬೇಡ ಅನ್ನಬಹುದು ಅಂತಲೇ ನನಗೆ ಹೊಳೆದಿರಲಿಲ್ಲ.

ಬಿಕಾಂನಲ್ಲಿ ಸಿಕ್ಕ ಉತ್ತರ

ನಗ್ಬೇಡಿ, ನನ್ನ ಲವ್ ಸ್ಟೋರಿ ನನಗೆ ಅರ್ಥ ಆಗಿದ್ದು ಬಿಸಿನೆಸ್ ಲಾ ಕ್ಲಾಸಲ್ಲಿ. ಭಾರತೀಯ ಒಪ್ಪಂದ ಕಾಯ್ದೆ, 1872. ಬಿಕಾಂ ಓದಿದವರಿಗೆ ಸೆಕ್ಷನ್ 14 ಬಾಯಿಪಾಠ. ಒಪ್ಪಿಗೆ ಕೊಟ್ಟರೆ ಸಾಲದು, ಅದು ಸ್ವತಂತ್ರ ಒಪ್ಪಿಗೆ ಆಗಿರಬೇಕು. ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳುವಳಿಕೆ, ಈ ಐದರಿಂದ ಬಂದ ಒಪ್ಪಿಗೆ ಸ್ವತಂತ್ರ ಅಲ್ಲ. ಅದರಲ್ಲಿ ಅನುಚಿತ ಪ್ರಭಾವ ಅಂದ್ರೆ, ಒಬ್ಬರು ಇನ್ನೊಬ್ಬರ ಇಚ್ಛೆಯ ಮೇಲೆ ಹಿಡಿತ ಇಟ್ಕೊಳ್ಳೋ ಸ್ಥಾನದಲ್ಲಿದ್ದು, ಆ ಸ್ಥಾನವನ್ನ ತಮ್ಮ ಲಾಭಕ್ಕೆ ಬಳಸ್ಕೊಳ್ಳೋದು.

ಕ್ಲಾಸಲ್ಲಿ ಕೂತು ನಾನು ಯೋಚನೆ ಮಾಡಿದ್ದು ಎಡ್ವರ್ಡ್ ಬಗ್ಗೆ. ಒಬ್ಬನಿಗೆ ನೂರು ವರ್ಷದ ಅನುಭವ, ಇನ್ನೊಬ್ಬಳಿಗೆ ಹದಿನೇಳು. ಪ್ರೀತಿ ಸುಳ್ಳು ಅಂತ ಅಲ್ಲ. ಮಾಹಿತಿ ಎಲ್ಲಾ ಒಂದೇ ಕಡೆ ಇದೆ, ಅಷ್ಟೇ. ಇದು ಅಮೆರಿಕದ ಕಥೆಗಳ ಕಥೆ ಮಾತ್ರ ಅಲ್ಲ. ಕಾರ್ನಾಡರ 'ನಾಗಮಂಡಲ'ದಲ್ಲಿ ನಾಗ ರಾತ್ರಿ ಹೊತ್ತು ಗಂಡನ ರೂಪದಲ್ಲಿ ರಾಣಿ ಹತ್ತಿರ ಬರ್ತಾನೆ. ಹಗಲಿನ ಗಂಡ ಬೈತಾನೆ, ರಾತ್ರಿಯವನು ಪ್ರೀತಿಸ್ತಾನೆ. ಆದರೆ ಪ್ರಶ್ನೆ ಕೇಳೋ ಹಾಗಿಲ್ಲ. ನಮ್ಮ ಜನಪದ ಕಥೆಯಿಂದ ಬಂದ ನಾಟಕ ಅದು. ಪ್ರೀತಿಸೋನು ಯಾರು ಅಂತ ಪ್ರೀತಿಸೋಳಿಗೇ ಗೊತ್ತಿಲ್ಲದೇ ಇರೋ ಕಷ್ಟ ನಮ್ಮಜ್ಜಿಯರಿಗೂ ಗೊತ್ತಿತ್ತು.

ಮಾಣಿಕ್ಯದ ಹುಡುಗಿ

ಈಗ ಅಕ್ಕನ ಮಗಳ ಪುಸ್ತಕಕ್ಕೆ ಬರೋಣ. ಜರ್ಮನ್ ಲೇಖಕಿ ಕೆರ್ಸ್ಟಿನ್ ಗಿಯರ್ ಬರೆದ ಮೂರು ಪುಸ್ತಕಗಳು: ಮಾಣಿಕ್ಯ, ನೀಲ, ಪಚ್ಚೆ. ಮೊದಲನೆಯದು ಜರ್ಮನ್‌ನಲ್ಲಿ 'ರೂಬಿನ್‌ರೋಟ್', 2009. ಇಂಗ್ಲಿಷಿಗೆ ತಂದವರು ಆಂಥಿಯಾ ಬೆಲ್, ಆಸ್ಟರಿಕ್ಸ್ ಕಾಮಿಕ್ಸ್ ಅನುವಾದ ಮಾಡಿದ್ರಲ್ಲ, ಅವರೇ. 'ರೂಬಿ ರೆಡ್' ಅಂತ ಸಿಗತ್ತೆ.

ಕಥೆ ನಡೆಯೋದು ಲಂಡನ್‌ನಲ್ಲಿ. ಗ್ವೆಂಡೊಲಿನ್‌ಗೆ ಹದಿನಾರು. ಅವರ ವಂಶದಲ್ಲಿ ಕೆಲವರಿಗೆ ಮಾತ್ರ ಕಾಲದಲ್ಲಿ ಹಿಂದೆ ಹೋಗೋ ಗುಣ ಹುಟ್ಟಿನಿಂದಲೇ ಇರತ್ತೆ. ಅದು ಕಸಿನ್ ಶಾರ್ಲೆಟ್‌ಗೆ ಬಂದಿದೆ ಅಂತ ನಂಬಿ ಅವಳಿಗೆ ವರ್ಷಗಟ್ಟಲೆ ಟ್ರೈನಿಂಗ್ ಕೊಟ್ಟಿರ್ತಾರೆ, ಕತ್ತಿವರಸೆ, ಡ್ಯಾನ್ಸು, ಇತಿಹಾಸ. ಕೊನೆಗೆ ನೋಡಿದ್ರೆ ಅದು ಬಂದಿರೋದು ಏನೂ ಕಲಿಯದ ಗ್ವೆಂಡೊಲಿನ್‌ಗೆ. ಮನೆಯವರೆಲ್ಲ ರ‍್ಯಾಂಕ್ ನಿರೀಕ್ಷೆ ಮಾಡಿದ್ದು ಒಬ್ಬಳ ಮೇಲೆ, ಬಂದಿದ್ದು ಇನ್ನೊಬ್ಬಳಿಗೆ. ಅಂಥ ಮನೆ ನಮಗೆಲ್ಲ ಗೊತ್ತು!

ಮಜಾ ಏನಂದ್ರೆ ಇಲ್ಲಿ ಟೈಮ್ ಟ್ರಾವೆಲ್‌ಗೂ ಟೈಮ್ ಟೇಬಲ್ ಇದೆ. ಎಲ್ಲೆಂದರಲ್ಲಿ ಮಾಯ ಆಗಬಾರದು ಅಂತ ಒಂದು ಗುಪ್ತ ಸಂಘದವರು ಅವಳನ್ನ ಕ್ರೋನೋಗ್ರಾಫ್ ಅನ್ನೋ ಯಂತ್ರದಿಂದ ದಿನಾ ಕೆಲವು ಗಂಟೆ ಹಿಂದಿನ ಕಾಲಕ್ಕೆ ಕಳಿಸ್ತಾರೆ. ಎಷ್ಟೋ ಸಲ ಬರೀ ಒಂದು ನೆಲಮಾಳಿಗೆಗೆ. ಥೇಟ್ ಟ್ಯೂಷನ್. ಆದರೆ ಅದೇ ನೆಲಮಾಳಿಗೆಯಲ್ಲಿ, 1948ರಲ್ಲಿ, ತೀರಿಹೋಗಿರೋ ಅವಳ ತಾತ ಯುವಕನಾಗಿ ಸಿಗ್ತಾನೆ. ಇಬ್ಬರೂ ಸೇರಿ ಸಂಘದವರಿಗೆ ಗೊತ್ತಾಗದ ಹಾಗೆ ಪ್ಲಾನ್ ಮಾಡ್ತಾರೆ. ನನಗೆ ಇಡೀ ಸರಣಿಯಲ್ಲಿ ಕಣ್ಣು ತುಂಬಿದ್ದು ಅಲ್ಲೇ, ಯಾವ ಮುತ್ತಿನ ಸೀನಲ್ಲೂ ಅಲ್ಲ.

ಈಗ ಸ್ಪಾಯ್ಲರ್, ಬೇಡದವರು ಒಂದು ನಿಮಿಷ ಮುಂದಕ್ಕೆ ಓಡಿಸಿ. ಗಿಡಿಯನ್ ಅವಳ ಜೊತೆ ಪ್ರಯಾಣ ಮಾಡೋನು. ಅವನಿಗೆ ಎಲ್ಲಾ ಕಲಿಸಿದ್ದಾರೆ, ಇವಳಿಗೆ ಏನೂ ಹೇಳಲ್ಲ. ಪ್ರೀತಿ ಶುರುವಾಗತ್ತೆ. ಎರಡನೇ ಪುಸ್ತಕದ ಕೊನೆಗೆ ಇವಳಿಗೆ ಗೊತ್ತಾಗತ್ತೆ, ಅವಳು ಪ್ರೀತಿಯಲ್ಲಿ ಬೀಳಬೇಕು ಅನ್ನೋದೇ ಒಂದು ಪ್ಲಾನ್ ಆಗಿತ್ತು ಅಂತ. ಪ್ರೀತಿಸೋ ಹುಡುಗಿಯನ್ನ ಹಿಡಿತದಲ್ಲಿಡೋದು ಸುಲಭ ಅನ್ನೋದು ಆ ಸಂಘದ ಹಳೇ ಯಜಮಾನ, ಕೌಂಟ್ ಸೇಂಟ್ ಜರ್ಮೈನ್‌ನ ಲೆಕ್ಕ. ನನ್ನ ಬಿಸಿನೆಸ್ ಲಾ ನೋಟ್ಸ್ ನೆನಪಾಯ್ತು. ಒಂದು ಟೀನೇಜ್ ರೊಮ್ಯಾನ್ಸ್ ಪುಸ್ತಕ ಈ ಮಾತನ್ನ ಕಥೆಯ ಮಧ್ಯಕ್ಕೇ ತಂದು ಇಟ್ಟಿತ್ತು.

ಅದಕ್ಕಿಂತ ದೊಡ್ಡದು ಲೆಸ್ಲಿ. ಗ್ವೆಂಡೊಲಿನ್‌ನ ಬೆಸ್ಟ್ ಫ್ರೆಂಡ್. ಯಾರಿಗೂ ಏನೂ ಹೇಳಬೇಡ ಅಂತ ಸಂಘದವರು ಕಟ್ಟಪ್ಪಣೆ ಮಾಡಿದ್ದಾರೆ. ಇವಳು ಪ್ರತಿಯೊಂದನ್ನೂ ಲೆಸ್ಲಿಗೆ ಹೇಳ್ತಾಳೆ. ಲೆಸ್ಲಿ ಗೂಗಲ್ ಮಾಡ್ತಾಳೆ, ನೋಟ್ಸ್ ಮಾಡ್ತಾಳೆ, ಗಿಡಿಯನ್ ಬಗ್ಗೆ ಡೌಟ್ ಪಡ್ತಾಳೆ. ಮನಸ್ಸು ಒಡೆದಾಗ ಅಳೋದೂ ಅವಳ ಹತ್ತಿರವೇ. ಗ್ವೆಂಡೊಲಿನ್ ಪ್ರೀತಿಗೋಸ್ಕರ ಬೆಂಚು ಬದಲಾಯಿಸಲಿಲ್ಲ.

'ಟ್ವೈಲೈಟ್' ಓದಬೇಡಿ ಅಂತ ನಾನು ಹೇಳ್ತಿಲ್ಲ. ಬೆಲ್ಲಾ ಬರೀ ಕಾಪಾಡಿಸ್ಕೊಳ್ಳೋ ಹುಡುಗಿ ಅನ್ನೋ ಟೀಕೆಗೆ ಉತ್ತರವಾಗಿ ಮೇಯರ್ 2015ರಲ್ಲಿ ಅದೇ ಕಥೆಯನ್ನ ತಿರುಗಿಸಿ ಬರೆದ್ರು, 'ಲೈಫ್ ಅಂಡ್ ಡೆತ್' ಅಂತ. ಅದರಲ್ಲಿ ವ್ಯಾಂಪೈರ್ ಹುಡುಗಿ, ಮನುಷ್ಯ ಹುಡುಗ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ರೊಮ್ಯಾಂಟಿಕ್ ಅನಿಸಿದ್ದು ಇನ್ನೊಂದರಲ್ಲಿ ಹೇಗೆ ಅನ್ಸತ್ತೆ ನೋಡಿ. ಪುಸ್ತಕ ಕಿತ್ಕೊಳ್ಳೋ ಅಪ್ಪ ಅಮ್ಮಂದಿರಿಗೂ ಒಂದು ಮಾತು. ನನ್ನ ಕೈಯಿಂದ ಆ ಪುಸ್ತಕ ಕಿತ್ಕೊಂಡಿದ್ರೂ ಬೈಕು ಹಿಂದೆ ಬರ್ತಾನೇ ಇರ್ತಿತ್ತು. ನನಗೆ ಬೇಕಾಗಿದ್ದು ಬೈಯದೆ ಕೇಳಿಸ್ಕೊಳ್ಳೋ ಒಬ್ಬರು.

ಆ ಗೆಳತಿಗೆ ಹೋದ ವರ್ಷ ಮೆಸೇಜ್ ಹಾಕಿದೆ. ಹತ್ತು ವರ್ಷದ ಮೇಲೆ. ದೊಡ್ಡದಾಗಿ ಸಾರಿ ಬರೆದಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು: "ನನ್ನ ಕ್ಯಾಲ್ಕುಲೇಟರ್ ಇನ್ನೂ ನಿನ್ನ ಹತ್ರನೇ ಇದೆ." ಇದೆ. ಇನ್ನೂ ವಾಪಸ್ ಕೊಟ್ಟಿಲ್ಲ. ಕೊಡೋಕೆ ಹೋಗಬೇಕು.

ಸರಿ, ಆ ರಾತ್ರಿ ಅಕ್ಕನ ಮಗಳಿಗೆ ನಾನು ಏನು ಬರೆದೆ? ಒಳ್ಳೆಯವನು ಅಂತಲೂ ಇಲ್ಲ, ಕೆಟ್ಟವನು ಅಂತಲೂ ಇಲ್ಲ. "ಲೆಸ್ಲಿ ಏನಂತಾಳೆ?" ಅಂತ ಕೇಳಿದೆ.

ತುಂಬಾ ಹೊತ್ತು 'ಟೈಪಿಂಗ್' ಅಂತ ತೋರಿಸ್ತಾ ಇತ್ತು. ಆಮೇಲೆ ಬಂತು: "ಲೆಸ್ಲಿಗೆ ಇನ್ನೂ ಡೌಟ್ ಇದೆ."

"ಹಾಗಾದ್ರೆ ನೀನೂ ಸ್ವಲ್ಪ ಡೌಟ್ ಇಟ್ಕೋ. ಈಗ ಮಲ್ಕೋ."

ನಿಮ್ಮ ಲೆಸ್ಲಿ ಯಾರು ಅಂತ ಯೋಚನೆ ಮಾಡಿ. ಯಾರೂ ಇಲ್ಲ, ಹಿಂದೆ ಯಾರೋ ಬರ್ತಿದ್ದಾರೆ, ಮನೇಲಿ ಹೇಳೋಕೆ ಆಗ್ತಿಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098 ಇದೆ, ಹದಿನೆಂಟರೊಳಗಿನವರು ಯಾರು ಬೇಕಾದ್ರೂ ಫ್ರೀಯಾಗಿ ಕರೆ ಮಾಡಬಹುದು. ಇದ್ದರೆ, ಈ ಸಂಚಿಕೆಯನ್ನ ಅವಳಿಗೆ ಕಳಿಸಿ. ಮುಂದಿನ ವಾರ ಸಿಗೋಣ.