ಆಟ ಆಡಿದ ಹುಡುಗ, ಅಭಿಪ್ರಾಯ ಕೊಟ್ಟ ನಾವು
(ಲೋಂಡಾದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸಹೋದರರೇ,

ನಮ್ಮ ಜಮಾಅತ್‌ನ ವಾಟ್ಸಾಪ್ ಗುಂಪನ್ನು ಮಾಡಿದ್ದು ಜನಾಝಾದ ಸುದ್ದಿ, ರಮಝಾನಿನ ಸಹರಿ ಮತ್ತು ಇಫ್ತಾರ್ ಸಮಯ, ಚಂದಾ ಲೆಕ್ಕ ತಿಳಿಸಲಿಕ್ಕೆ. ಅಡ್ಮಿನ್ ಇಬ್ಬರು. ಒಬ್ಬರು ಕಮಿಟಿಯ ಕಾರ್ಯದರ್ಶಿ, ಇನ್ನೊಬ್ಬರು ನಾವು. ಕಳೆದ ತಿಂಗಳು ಒಂದು ಸಂಜೆ ಮಗ್ರಿಬ್ ಮುಗಿಸಿ ಫೋನ್ ತೆಗೆದರೆ ಅದರಲ್ಲಿ ನಮ್ಮ ಊರಿನ ಒಬ್ಬ ಹುಡುಗನ ಫೋಟೊ. ಕೆಳಗೆ ಎರಡು ಸಾಲು: ಆನ್‌ಲೈನ್ ಜೂಜಿನಲ್ಲಿ ಎರಡು ಲಕ್ಷ ಕಳೆದಿದ್ದಾನೆ, ನಿಮ್ಮ ಮಕ್ಕಳನ್ನು ಇವನಿಂದ ದೂರ ಇಡಿ.

ನಾವು ನೋಡಿದೆವು. ಅಳಿಸಲಿಲ್ಲ. ಕಾರ್ಯದರ್ಶಿಯವರು ಅಳಿಸುತ್ತಾರೆ ಅಂದುಕೊಂಡೆವು. ಇಮಾಮ್ ಸಾಹೇಬರು ನೋಡಿಕೊಳ್ಳುತ್ತಾರೆ ಎಂದು ಅವರು ಅಂದುಕೊಂಡರು. ಇಶಾ ಮುಗಿಯುವಷ್ಟರಲ್ಲಿ ಅರವತ್ತಕ್ಕಿಂತ ಹೆಚ್ಚು ಉತ್ತರಗಳು. ಒಬ್ಬರು ಮೊಬೈಲ್ ಆಟವೆಲ್ಲ ಹರಾಮ್ ಎಂದು ಫತ್ವಾ ಕೊಟ್ಟರು. ಒಬ್ಬರು ಫೋನ್ ಒಡೆದು ಹಾಕಿ ಎಂದರು, ಫೋನಿನಲ್ಲೇ. ಇನ್ನೊಬ್ಬರು ಕಾಕತಿಯ ಹಳೇ ಸುದ್ದಿ ಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ, ಬೆಳಗಾವಿ ಪಕ್ಕದ ಆ ಊರಿನಲ್ಲಿ, ಪಬ್ಜಿ ಆಟದ ಜಗಳದಲ್ಲಿ ಮಗನೇ ತಂದೆಯನ್ನು ಕೊಂದ ಸುದ್ದಿ. ಮುಂದೆ ನಿಮಗೂ ಇದೇ ಗತಿ ಎಂದು ಹುಡುಗನ ತಂದೆಗೆ ಬುದ್ಧಿಮಾತು. ಆ ತಂದೆಯೂ ಗುಂಪಿನಲ್ಲಿದ್ದಾರೆ. ವಾಸ್ಕೋದಲ್ಲಿ ಅವರ ಕೆಲಸ. ಅಲ್ಲಿ ಕೂತು ಒಂದೊಂದನ್ನೂ ಓದುತ್ತಿದ್ದರು.

ರಾತ್ರಿ ಹತ್ತಕ್ಕೆ ಅಳಿಸಿದೆವು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಖಾನಾಪುರ, ಅಳ್ನಾವರ ದಾಟಿತ್ತು.

ಮರುದಿನ ಆ ಮನೆಗೆ ಹೋದೆವು. ಹುಡುಗನ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಯಾರೆಂದು ಗೊತ್ತಿರುವವರು ಪಕ್ಕದವರ ಕಿವಿಯಲ್ಲಿ ಹೇಳಬೇಡಿ. ಕಳೆದದ್ದು ಎರಡು ಲಕ್ಷ ಅಲ್ಲ, ಒಂಬತ್ತು ಸಾವಿರದ ನಾನೂರು. ಅದೂ ತಾಯಿಯ ಖಾತೆಯಿಂದ. ಗ್ಯಾಸ್, ಕರೆಂಟ್ ಬಿಲ್ಲು ಕಟ್ಟುವವನು ಅವನೇ, ಹಾಗಾಗಿ ಯುಪಿಐ ಪಿನ್ ಅವನಿಗೆ ಗೊತ್ತು. ಮೊದಲು ಆ ಆ್ಯಪ್ ತಾನೇ ಐವತ್ತು ರೂಪಾಯಿ ಬೋನಸ್ ಕೊಟ್ಟಿದೆ. ಎರಡು ದಿನ ಗೆಲ್ಲಿಸಿದೆ, ಗೆದ್ದ ಮುನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬಂದಿದೆ. ಆಮೇಲೆ ಪರದೆಯ ಮೇಲೆ ಹಣ ಬೆಳೆಯುತ್ತದೆ, ಕೈಗೆ ಬರುವುದಿಲ್ಲ. ತೆಗೆಯಬೇಕಾದರೆ ಇನ್ನಷ್ಟು ಹಾಕು ಎನ್ನುತ್ತದೆ. ಕೂಡಲೇ 1930 ನಂಬರಿಗೆ ಫೋನ್ ಮಾಡಿದ್ದರೆ ಹಣ ಮುಂದಕ್ಕೆ ಹೋಗದಂತೆ ಬ್ಯಾಂಕಿನಲ್ಲಿ ತಡೆಯುವ ಸಾಧ್ಯತೆ ಇತ್ತು. ಅವನು ಮಾಡಲಿಲ್ಲ. ಯಾಕಪ್ಪಾ ಎಂದರೆ, "ಊರಿಗೆ ಗೊತ್ತಾಗ್ತದಂತ ಹೆದರಿದೆ ಹಜರತ್" ಎಂದ. ಊರಿಗೆ ಗೊತ್ತಾದದ್ದು ನಮ್ಮ ಗುಂಪಿನಿಂದ.

ಈಗ ಆಟದ ಮಾತು. ಆಟವೆಲ್ಲ ಹರಾಮ್ ಎಂದವರು ಸ್ವಲ್ಪ ತಡೆಯಬೇಕು. ಈದ್ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿ ಹಿಡಿದು ಆಡುವುದನ್ನು ಪ್ರವಾದಿ(ಸ)ರು ನೋಡಿದರು, ಆಯಿಶಾ(ರ)ರಿಗೂ ತೋರಿಸಿದರು. ಹರಾಮ್ ಆದದ್ದು ಜೂಜು. ಸೂರಃ ಅಲ್‌ಮಾಇದಃದಲ್ಲಿ ಅದನ್ನು ಮದ್ಯದ ಜೊತೆ ಸೇರಿಸಿ ಹೇಳಲಾಗಿದೆ. ಹಣ ಇಲ್ಲದ ಆಟವೂ ನಮಾಝನ್ನು, ಓದನ್ನು, ನಿದ್ದೆಯನ್ನು ತಿಂದರೆ ಕೇಡೇ. ಆದರೆ ಅದರ ಮದ್ದು ಬೇರೆ. ಹೈದನೊಬ್ಬ ಅರ್ಧ ಗಂಟೆ ಕ್ರಿಕೆಟ್ ಆಟ ಆಡಿದ್ದಕ್ಕೂ ತಾಯಿಯ ಖಾತೆ ಖಾಲಿ ಮಾಡಿದ್ದಕ್ಕೂ ಒಂದೇ ಬೈಗುಳವಾದರೆ, ಎರಡನೆಯದು ದೊಡ್ಡದು ಎಂದು ಅವನಿಗೆ ತಿಳಿಯುವುದು ಹೇಗೆ?

ಸರ್ಕಾರ ಬಂದ್ ಮಾಡಲಿ ಎಂದರು. ಮಾಡಿದೆ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು. ಹಣದ ಆಟದ ವಿರುದ್ಧ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ಮಾಡಿತು. ಅದರಲ್ಲಿ ಶಿಕ್ಷೆ ಇರುವುದು ಹಣದ ಆಟ ನಡೆಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ, ಹಣ ದಾಟಿಸುವವರಿಗೆ. ಆಡಿ ಕಳೆದುಕೊಂಡವನಿಗೆ ಶಿಕ್ಷೆ ಇಲ್ಲ. ಕಾನೂನು ಅಪರಾಧಿ ಎನ್ನದ ಹುಡುಗನಿಗೆ ನಾವು ಒಂದು ಸಂಜೆಯಲ್ಲಿ ಶಿಕ್ಷೆ ಕೊಟ್ಟು ಮುಗಿಸಿದೆವು.

ಸುದ್ದಿ ಬಂದಾಗ ವಿಚಾರಿಸಿ ನೋಡಬೇಕೆಂಬ ಆಜ್ಞೆ, ಒಬ್ಬರನ್ನೊಬ್ಬರು ಗೇಲಿ ಮಾಡಬಾರದು, ಹೆಸರಿಡಬಾರದು, ಬೇರೆಯವರ ಗುಟ್ಟು ಕೆದಕಬಾರದು, ಗೀಬತ್ ಆಡಬಾರದು ಎಂಬ ಆಜ್ಞೆ, ಇವೆಲ್ಲ ಸೂರಃ ಅಲ್‌ಹುಜುರಾತ್‌ನಲ್ಲಿ ಹತ್ತಿರ ಹತ್ತಿರವೇ ಇವೆ. ಆ ಸಂಜೆ ನಾವು ಒಂದನ್ನೂ ಉಳಿಸಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂದು ಹಿರಿಯರಿಗೆ ನೆನಪಿರಬೇಕು. ಹೈದರಾಬಾದಿನಿಂದ ಬಂದ ಯುವಕರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮೊದಲು ಮುಂದಿನ ಊರು ತಲುಪಿತು. ಒಬ್ಬ ಸಹೋದರನ ಜೀವ ಹೋಯಿತು. ಅಂಥ ಸಾವುಗಳಾದ ಮೇಲೆ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸಲಾಗದಂತೆ ಕಂಪನಿ ಮಿತಿ ಹಾಕಿತು. ಗುಂಪಿನ ಒಳಗಿನ ಮಾತನ್ನು ಅದು ಓದುವುದಿಲ್ಲ. ಅಲ್ಲಿ ಅಳಿಸುವ ಕೈ ಬರೆದವರದ್ದು, ಇಲ್ಲವೇ ಅಡ್ಮಿನ್‌ನದ್ದು. ಸದಸ್ಯ ಬರೆದದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಆದರೆ ಪ್ರತಿಯೊಬ್ಬನೂ ಕುರುಬನೇ, ತನ್ನ ಮಂದೆಯ ಬಗ್ಗೆ ಅವನನ್ನು ಕೇಳಲಾಗುವುದು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಆ ಮೂರು ತಾಸಿನ ಬಗ್ಗೆ ನಮ್ಮನ್ನೂ ಕೇಳಲಾಗುವುದು. ಆ ತಂದೆಯ ಹತ್ತಿರ ಮಾಫಿ ಕೇಳಿದ್ದೇವೆ.

ಕಮಿಟಿ ಕೂತು ಒಂದು ನಿಯಮ ಮಾಡಿದೆ. ಯಾರದೇ ಮನೆಯ ವಿಷಯ, ಯಾರನ್ನಾದರೂ ದೂರುವ ಫೋಟೊ ಬಂದರೆ ಮೊದಲು ಅಳಿಸುವುದು, ಆಮೇಲೆ ವಿಚಾರಿಸುವುದು. ಇಬ್ಬರು ಅಡ್ಮಿನ್ ಸಾಲದೆಂದು ಇನ್ನಿಬ್ಬರನ್ನು ಸೇರಿಸಿದ್ದೇವೆ. ಇದಕ್ಕೆ ಒಬ್ಬ ಯುವಕ ಎದ್ದು, ನಾಳೆ ಚಂದಾ ಲೆಕ್ಕ ಕೇಳಿದರೂ ಅಳಿಸುತ್ತೀರೇನು ಎಂದು ಕೇಳಿದ. ಕೆಲವರು ಅವನನ್ನು ಗದರಿಸಿದರು. ಅವನು ಕೇಳಿದ್ದು ಸರಿಯಾಗಿಯೇ ಇದೆ. ಅಳಿಸುವ ಅಧಿಕಾರ ಕೈಗೆ ಬಂದವರು ತಮಗೆ ಚುಚ್ಚುವ ಮಾತನ್ನೇ ಮೊದಲು ಅಳಿಸುತ್ತಾರೆ. ಆದ್ದರಿಂದ ಹೀಗೆ ಬರೆದಿಟ್ಟಿದ್ದೇವೆ: ಲೆಕ್ಕದ ಪ್ರಶ್ನೆ, ಇಮಾಮರ ಮೇಲಿನ ಆಕ್ಷೇಪ, ಕಮಿಟಿಯ ಮೇಲಿನ ದೂರು ಗುಂಪಿನಲ್ಲೇ ಉಳಿಯಬೇಕು, ಅದಕ್ಕೆ ಉತ್ತರವೂ ಅಲ್ಲೇ ಬರಬೇಕು.

ತಂದೆತಾಯಿಗಳಲ್ಲಿ ಒಂದು ಮಾತು. ಈ ವಾರವೇ ಪಿನ್ ಬದಲಾಯಿಸಿ. ಬಿಲ್ಲನ್ನು ಮಗನ ಪಕ್ಕದಲ್ಲಿ ಕೂತು ನೀವೇ ಕಟ್ಟಿ. ಯಾವ ಆಟ ಆಡುತ್ತೀ, ನನಗೂ ತೋರಿಸು ಎಂದು ಒಮ್ಮೆ ಕೇಳಿ. ಬೈಯಲಿಕ್ಕಲ್ಲ, ನೋಡಲಿಕ್ಕೆ.

ಆ ಹುಡುಗ ನಾಲ್ಕು ಜುಮಾ ಆಯಿತು, ಮಸೀದಿಗೆ ಬಂದಿಲ್ಲ. ಮುಂದಿನ ವಾರ ಬರುತ್ತೇನೆ ಎಂದಿದ್ದಾನೆ. ಬಂದರೆ ಚಪ್ಪಲಿ ಬಿಡುವ ಜಾಗದಲ್ಲಿ ಅವನನ್ನು ಸುತ್ತುವರಿದು ಬುದ್ಧಿ ಹೇಳಬೇಡಿ. ಸಲಾಂ ಹೇಳಿ, ಸಫ್‌ನಲ್ಲಿ ಸ್ವಲ್ಪ ಸರಿದು ಜಾಗ ಕೊಡಿ.